ಡೀಸೆಲ್ ಕುಡಿದ ಒಲೆ

ಒಲೆಯ ಮುಚ್ಚಳ ಎತ್ತಿದ ಕೂಡಲೇ ಮುಖ ತಿರುಗಿಸಿದೆ. ಒಳಗೆಲ್ಲ ಬೂಷ್ಟು ಬೆಳೆದಿತ್ತು. ಕಬ್ಬಿಣದ ಜಾಲರಿಯ ಮೇಲೆ ಬೆಳ್ಳಗಿನ ತುಪ್ಪಳ, ಗೋಡೆಗೆ ಹಸಿರು, ತಳದ ಒದ್ದೆ ಬೂದಿಯಲ್ಲಿ ಕಪ್ಪು. ಯಾವತ್ತೋ ಸುಟ್ಟ ಮಾಂಸದ ಜಿಡ್ಡು ಜಾಲರಿಯಿಂದ ಇಳಿದು ಅಲ್ಲೇ ಹೆಪ್ಪುಗಟ್ಟಿತ್ತು. ಅದರೊಳಗೆ ಸಣ್ಣ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಹುಳಿ ನಾತ ನೇರವಾಗಿ ಗಂಟಲಿಗೆ ಇಳಿಯಿತು. ತೋಟದ ಬದುವಿಗೆ ಓಡಿಹೋಗಿ ಬೆಳಗಿನ ಅವಲಕ್ಕಿಯನ್ನೆಲ್ಲ ಕಾರಿಕೊಂಡೆ.

ಹಿಂದಿನಿಂದ ಕೃಷ್ಣೇಗೌಡರು ನಕ್ಕರು. "ಏನಪ್ಪಾ ಗಣಪತಿ, ದಿನಾ ಮೀನಿನ ಕರುಳು ಕೀಳ್ತಿದ್ದೋನು ನೀನು. ಇಷ್ಟಕ್ಕೇ ಹಿಂಗಾ?"

ಹಳೇಬೀಡಿನ ಪಕ್ಕ, ಹುಲಿಕೆರೆಯ ಹತ್ತಿರದ ಅವರ ತೆಂಗಿನ ತೋಟದಲ್ಲಿ ಅದು ನನ್ನ ಕೆಲಸದ ಮೊದಲ ದಿನ.

ಅಂಕೋಲೆಯಲ್ಲಿ ನನ್ನ ಮೀನೂಟದ ಅಂಗಡಿಗೆ ಬರುತ್ತಿದ್ದವರಿಗೆ ನಾನು ಊರು ಬಿಟ್ಟಿದ್ದು ಯಾಕೆಂದು ಗೊತ್ತು. ಹೆಂಡತಿ ಸುಜಾತಾಳಿಗೆ ಬೇಲೂರಿನಲ್ಲಿ ಸರ್ಕಾರಿ ನರ್ಸ್ ಕೆಲಸವಾಯಿತು. ಅವಳು ಅದಕ್ಕಾಗಿ ಆರು ವರ್ಷ ಕಾದಿದ್ದಳು. ಅಂಗಡಿಯನ್ನು ಅಕ್ಕನಿಗೆ ಬಿಟ್ಟು, ಹುಬ್ಬಳ್ಳಿಗೆ ಬಂದು ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದೆವು. ಇಳಿದಾಗ ನನ್ನ ಮೂಗಿಗೆ ಮೊದಲು ಬಡಿದದ್ದು ಕೊಬ್ಬರಿ. ನಮ್ಮಲ್ಲಿ ತೆಂಗಿನಕಾಯಿ ಎಂದರೆ ಅವತ್ತು ಒಡೆದು ಅವತ್ತೇ ಅರೆಯುವ ವಸ್ತು. ಇಲ್ಲಿ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಕಿ ಒಳಗಿನ ನೀರೆಲ್ಲ ಬತ್ತಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಮೂಟೆಗಳ ನಡುವೆ ನಡೆದು ಬಸ್ ಸ್ಟ್ಯಾಂಡಿಗೆ ಹೋಗುವಾಗ ಕೆಟ್ಟ ಕಾಯಿಯ ಕಮಟು ವಾಸನೆ ಅಂಗಿಗೆ ಹತ್ತಿಕೊಂಡಿತು. ಬೇಲೂರು ತಲುಪಿ ಸ್ನಾನ ಮಾಡಿದ ಮೇಲೂ ಅದು ಹೋದ ಹಾಗೆ ಅನಿಸಲಿಲ್ಲ.

ಬೇಲೂರಿನಲ್ಲಿ ಹಿಡಿದ ಮನೆ ನಮಗೆ ಹನ್ನೊಂದು ದಿನ ಮಾತ್ರ ದಕ್ಕಿತು. ಮನೆಯೊಡತಿ ವನಜಾಕ್ಷಮ್ಮ, ಕಚೇರಿಯಿಂದ ನಿವೃತ್ತರಾದ ಗುಮಾಸ್ತರ ಹೆಂಡತಿ. ಬಾಯಿ ತುಂಬ ಮಾತಾಡುವ ಒಳ್ಳೆಯ ಹೆಂಗಸು. ನಾವು ಬಂದ ದಿನ ಚಿತ್ರಾನ್ನ ಮಾಡಿ ಕಳಿಸಿದ್ದರು. ಮನೆಯಲ್ಲಿ ಮೀನು ಮಾಡಬಾರದೆಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹತ್ತನೆಯ ದಿನ ಮಂಜುಗಡ್ಡೆಯಲ್ಲಿ ಬಂದ ಬಂಗಡೆ ಸಿಕ್ಕಿತು. ಕಿವಿರು ಕಂದಾಗಿತ್ತು, ಊರಲ್ಲಾಗಿದ್ದರೆ ಬೆಕ್ಕಿಗೂ ಹಾಕುತ್ತಿರಲಿಲ್ಲ. ಆದರೂ ಆಸೆ ತಡೆಯದೆ ಕಿಟಕಿ ಮುಚ್ಚಿ ಹುರಿದೆ.

ವನಜಾಕ್ಷಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತರು. ಸಿಟ್ಟಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. "ತಪ್ಪು ತಿಳ್ಕೋಬೇಡಿ ಇವ್ರೇ. ನಂಗೆ ಆಗ್ತಾನೇ ಇಲ್ಲ. ಹೊಟ್ಟೆ ತೊಳಸ್ತಿದೆ. ನಾಳೆನೇ ಬೇರೆ ಮನೆ ನೋಡ್ಕೊಳ್ಳಿ."

ಅವರು ಬೈದಿದ್ದರೆ ಬೈದೇ ಉತ್ತರ ಕೊಡುತ್ತಿದ್ದೆ. ವಾಂತಿ ಬರುತ್ತಿರುವವರ ಜೊತೆ ಜಗಳ ಆಡುವುದು ಹೇಗೆ? ಇಪ್ಪತ್ತು ವರ್ಷ ನಾನು ಹೆಮ್ಮೆಯಿಂದ ಮಾಡಿದ ಅಡುಗೆ ಇನ್ನೊಬ್ಬರಿಗೆ ಓಕರಿಕೆ ತರುತ್ತದೆ ಎನ್ನುವುದು ನನಗೆ ಆವತ್ತೇ ಗೊತ್ತಾದದ್ದು.

ಸುಜಾತಾಳ ಜೊತೆ ಕೆಲಸ ಮಾಡುವವರೊಬ್ಬರು ಕೃಷ್ಣೇಗೌಡರ ವಿಷಯ ಹೇಳಿದರು. ಗೌಡರದ್ದು ರಾಗಿ ಹೊಲ, ತೆಂಗಿನ ತೋಟ. ಹಳೇಬೀಡಿಗೆ ಬರುವ ಪ್ರವಾಸಿಗರಿಗೆಂದು ತೋಟದಲ್ಲಿ ನಾಲ್ಕು ಕೋಣೆ ಕಟ್ಟಿಸಿದ್ದರು. ಅಡುಗೆಯವನು ಬೇಕಾಗಿತ್ತು. ಕೆಲಸದ ಜೊತೆ ಇರಲು ಒಂದು ಮನೆ, ಅಲ್ಲಿ ಏನು ಬೇಕಾದರೂ ಬೇಯಿಸಬಹುದು. ನಾವು ಅದೇ ವಾರ ಗಂಟು ಕಟ್ಟಿದೆವು. ಸುಜಾತಾ ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಬೇಲೂರಿಗೆ ಹೋಗಿಬರತೊಡಗಿದಳು.

ಆ ಒಲೆಯನ್ನು ಗೌಡರು ಯಾವುದೋ ಮುಚ್ಚಿಹೋದ ರೆಸಾರ್ಟಿನಿಂದ ತಂದಿದ್ದರು. ಗಾತ್ರದಲ್ಲಿ ನೆಲದಡಿ ರಾಗಿ ತುಂಬಿಡುವ ಹಗೇವಿನ ಬಾಯಿಗಿಂತ ದೊಡ್ಡದು, ಆಕಾರದಲ್ಲಿ ನಿಲ್ಲಿಸಿಟ್ಟ ಮೊಟ್ಟೆ. ಗಟ್ಟಿಯಾಗಿ ಸುಟ್ಟ ದಪ್ಪ ಮಣ್ಣಿನದು, ಹೊರಗೆ ಹಸಿರು ಹೊಳಪು. ಅದನ್ನು ಇಳಿಸಲು ಐದು ಜನ ಬೇಕಾದರಂತೆ. ಕೆಳಗೊಂದು ಗಾಳಿಕಿಂಡಿ, ಮುಚ್ಚಳದ ನೆತ್ತಿಯಲ್ಲಿ ಇನ್ನೊಂದು, ಮುಂದೆ ಶಾಖ ತೋರಿಸುವ ಗಡಿಯಾರದಂಥ ಮುಳ್ಳು. ಒಳಗೆ ಇದ್ದಿಲು ಹಾಕಿ ಮುಚ್ಚಿಟ್ಟರೆ ಮಾಂಸ ಬೇಯುತ್ತದೆ, ಹೊಗೆಯೂ ಹಿಡಿಯುತ್ತದೆ. ಇದನ್ನು ಕಲಿತರೆ ಬೆಂಗಳೂರಿನವರು ಹುಡುಕಿಕೊಂಡು ಬರುತ್ತಾರೆಂಬುದು ಗೌಡರ ಲೆಕ್ಕ. ಮಳೆಗಾಲವೆಲ್ಲ ಅದು ಮುಚ್ಚಿದಂತೆಯೇ ಮೂಲೆಯಲ್ಲಿ ಕುಳಿತಿತ್ತು. ಅದರ ಫಲವನ್ನು ನಾನು ಮೊದಲ ದಿನ ಕಂಡೆ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ತೊಳೆದೆ. ನಮ್ಮ ಕಡೆ ಹೊಲಸು ಕಂಡರೆ ನೀರು ಹೊಡೆಯುವುದೇ ಅಭ್ಯಾಸ. ಮೀನು ಕೊಯ್ದ ಕಲ್ಲನ್ನು ತೊಳೆದಂತೆ ಸೋಪಿನ ಪುಡಿ ಸುರಿದು, ತೆಂಗಿನ ನಾರಿನಿಂದ ಉಜ್ಜಿ, ಬಕೆಟ್ಟುಗಟ್ಟಲೆ ನೀರು ಹೊಯ್ದೆ. ನೊರೆಯ ಜೊತೆ ಕರ್ರಗಿನ ಲೋಳೆ ಇಳಿದು ನನ್ನ ಕಾಲ್ಬೆರಳುಗಳ ಸಂದಿಗೆ ಹೊಕ್ಕಿತು. ಮಧ್ಯಾಹ್ನದ ಹೊತ್ತಿಗೆ ಒಲೆ ಹೊಸದರಂತೆ ಕಂಡಿತು. ಅದು ಕಲ್ಲಲ್ಲ, ಮಣ್ಣು ಎಂಬುದು ನನಗೆ ಹೊಳೆಯಲಿಲ್ಲ.

ಒಂದೇ ವಾರದಲ್ಲಿ ಬೀಗರೂಟ ಬಂತು. ಈ ಸೀಮೆಯಲ್ಲಿ ಮದುವೆಯಾದ ಮೇಲೆ ಬೀಗರನ್ನು ಕರೆದು ಬಾಡೂಟ ಹಾಕುತ್ತಾರೆ. ಬಾಡು ಎಂದರೆ ಮಾಂಸ. ಮದುವೆಯ ಊಟ ಮರೆತರೂ ಇದನ್ನು ಯಾರೂ ಮರೆಯುವುದಿಲ್ಲ. ಗೌಡರ ಒಬ್ಬಳೇ ಮಗಳು ಪವಿತ್ರಳನ್ನು ಅರಸೀಕೆರೆ ಕಡೆಯ ದೊಡ್ಡ ತೋಟದವರ ಮನೆಗೆ ಕೊಟ್ಟಿದ್ದರು. ಬೀಗರಿಗೆ ಹಿಂದೆಂದೂ ಕಾಣದ ಊಟ ಹಾಕಬೇಕೆಂದು ಗೌಡರಿಗೆ ಹಟ. ಮುದ್ದೆ, ಸಾರಿನ ಜೊತೆ ಕುರಿಯ ಎರಡು ತೊಡೆ ಆ ಒಲೆಯಲ್ಲಿ ಬೇಯಬೇಕು.

ನಾನು ಮೀನಿನವನು. ಕುರಿಯ ಕೊಬ್ಬು ಮುಟ್ಟಿದ್ದು ಕಡಿಮೆ. ಮಸಾಲೆ ತಿಕ್ಕುವಾಗ ಅದು ಕೈಗೆ ಮೇಣದಂತೆ ಅಂಟಿತು. ಬಿಸಿನೀರು, ಸೀಗೆಪುಡಿ, ಹುಣಸೆಹಣ್ಣು ಯಾವುದಕ್ಕೂ ಬಿಡಲಿಲ್ಲ. ಆ ಕೈಯಲ್ಲಿ ನೀರಿನ ಲೋಟ ಎತ್ತಿದರೆ ನೀರೂ ಕುರಿಯ ವಾಸನೆ. ಅವತ್ತು ಇದ್ದಿಲು ಬೇರೆ ಹಸಿ. ಎಷ್ಟು ಊದಿದರೂ ಹತ್ತಲಿಲ್ಲ. ಹೊತ್ತು ಏರುತ್ತಿತ್ತು. ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಡೀಸೆಲ್ ಇತ್ತು. ಅರ್ಧ ಲೋಟ ಸುರಿದೆ, ಸಾಲಲಿಲ್ಲ, ಇನ್ನೊಂದು ಲೋಟ ಸುರಿದೆ. ಭಗ್ಗೆಂದು ಹತ್ತಿಕೊಂಡಿತು. ಡೀಸೆಲ್ ಉರಿದುಹೋಗಿದೆ ಎಂದುಕೊಂಡು ತೊಡೆಗಳನ್ನು ಇಟ್ಟು ಮುಚ್ಚಿದೆ.

ನಾಲ್ಕು ತಾಸಿನ ಮೇಲೆ ತೆಗೆದಾಗ ನೋಡಲು ಚೆನ್ನಾಗಿಯೇ ಇತ್ತು. ಕೆಂಪಗೆ, ಹೊಳೆಯುತ್ತ. ನಾನು ರುಚಿ ನೋಡಲಿಲ್ಲ. ನಿಜ ಹೇಳುತ್ತೇನೆ, ಹೇಸಿಗೆಯಿಂದ ನೋಡಲಿಲ್ಲ. ಅಡುಗೆಯವನು ಮಾಡಬಾರದ ತಪ್ಪು ಅದು.

ದೊಡ್ಡ ಬೀಗರು, ಅಂದರೆ ಪವಿತ್ರಳ ಮಾವ, ಎಲೆಯ ಮುಂದೆ ಮೊದಲಿಗರಾಗಿ ಕುಳಿತಿದ್ದರು. ಒಂದು ತುಂಡು ಬಾಯಿಗಿಟ್ಟರು. ದವಡೆ ಎರಡು ಸಲ ಆಡಿತು, ನಿಂತಿತು. ಆಮೇಲೆ ಅದನ್ನು ಎಲೆಯ ತುದಿಗೆ ಉಗಿದರು. ಮೀಸೆ ಒರೆಸಿಕೊಂಡು, "ಗೌಡ್ರೇ, ಇದು ಬಾಡೋ, ಟ್ರ್ಯಾಕ್ಟ್ರೋ?" ಎಂದರು.

ಯಾರೋ ನಕ್ಕರು. ಇನ್ನೊಬ್ಬರು, "ಸೋಪಿನ ಘಮಾನೂ ಐತೆ ಕಣ್ರೀ, ಬಾಯಿ ತೊಳೆಯೋದೇ ಬ್ಯಾಡ" ಎಂದರು. ಸಾಲುಸಾಲಾಗಿ ಎಲೆಗಳ ಮೇಲೆ ಉಗಿದ ತುಂಡುಗಳು ಬಿದ್ದವು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಉಗುಳು ಅಂಟಿದ ಆ ತುಂಡುಗಳನ್ನು ಕೊನೆಗೆ ನಾನೇ ಎತ್ತಬೇಕಾಯಿತು. ಹೊರಗೆ ಕೊಟ್ಟಿಗೆಯ ಹತ್ತಿರ ಒಂದು ಚೂರು ನಾಲಿಗೆಗೆ ಮುಟ್ಟಿಸಿದೆ. ಡೀಸೆಲ್, ಸೋಪು, ಕೊಬ್ಬು ಮೂರೂ ಒಟ್ಟಿಗೆ ಬಂದವು. ನಾಯಿ ಮೂಸಿ ನೋಡಿ ಹಿಂದೆ ಸರಿಯಿತು.

ಮೂರು ದಿನದ ಮೇಲೆ ಪವಿತ್ರ ಫೋನು ಮಾಡಿ ಅತ್ತಳು. ಗಂಡನ ಮನೆಯಲ್ಲಿ ಅವಳನ್ನು 'ಡೀಸೆಲ್ ಮನೆ ಹೆಣ್ಣು' ಎಂದು ಕರೆಯತೊಡಗಿದ್ದರು. ತಮಾಷೆಗೇ ಇರಬಹುದು, ಆದರೆ ಹೊಸ ಮನೆಯಲ್ಲಿ ಹೊಸ ಸೊಸೆಗೆ ಅದು ತಮಾಷೆಯಾಗಿ ಕೇಳಿಸುವುದಿಲ್ಲ. ಗೌಡರು ನನ್ನ ಹತ್ತಿರ ಬಂದರು. ಅವತ್ತು ನಗಲಿಲ್ಲ.

"ನನ್ ಮಗಳು ಅಳ್ತಾ ಅವ್ಳೆ ಕಣಪ್ಪಾ. ತಿಂಗ್ಳು ಮುಗೀಲಿ. ನೀನು ಬೇರೆ ಕಡೆ ನೋಡ್ಕೊ."

ಆ ಸಂಜೆ ಸುಜಾತಾ ಬಂದಾಗ ಎಲ್ಲ ಹೇಳಿದೆ. ಊರಿಗೆ ಹೋಗೋಣ ಎಂದೆ. ಅವಳು ಬಸ್ಸಿನಲ್ಲಿ ನಿಂತು ಬಂದ ದಣಿವಿನಲ್ಲಿ ಗೋಡೆಗೆ ಒರಗಿ ಕೂತಳು. "ನೀವು ಹೋಗಿ ಬೇಕಾದ್ರೆ. ನಾನು ಎಂತಕ್ಕೆ ಬಿಡ್ಲಿ ಕೆಲ್ಸ? ಆಸ್ಪತ್ರೇಲಿ ದಿನಾ ನಾನು ಮುಟ್ಟೋದನ್ನ ನೀವು ಒಂದ್ಸಲ ನೋಡಿದ್ರೆ ಮಾಂಸದ ಹೇಸಿಗೆ ಎಲ್ಲ ಮರ್ತ್‌ಹೋಗ್ತದೆ ಮಾರಾಯ್ರೇ" ಎಂದಳು. ನನಗೆ ನಾಚಿಕೆಯಾಯಿತು.

ನನ್ನನ್ನು ಉಳಿಸಿದವರು ಗೌಡರ ತಾಯಿ ಲಕ್ಕಮ್ಮ. ವಯಸ್ಸು ಎಂಬತ್ತರ ಹತ್ತಿರ, ಈಗಲೂ ಮುದ್ದೆಯನ್ನು ತಾವೇ ಕಟ್ಟುವವರು. ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದಾಗ ಕೋಲೂರಿಕೊಂಡು ಬಂದರು. ತಲೆಯನ್ನೇ ಒಳಗೆ ಹಾಕಿ ಮೂಸಿದರು. ಆಮೇಲೆ ಗೋಡೆಯನ್ನು ಉಗುರಿನಿಂದ ಕೆರೆದು ಅದನ್ನೂ ಮೂಸಿದರು. ನನಗೆ ನೋಡಲಾಗಲಿಲ್ಲ.

"ಇದು ಮಡಕೆ ಕಣ್ ಮಗ. ನೀನು ಪಾತ್ರೆ ಅಂದ್ಕೊಂಡಿದ್ದೀಯ. ಸೋಪು ಹಾಕಿದ್ರೆ ಸೋಪು ಕುಡೀತದೆ, ಎಣ್ಣೆ ಹಾಕಿದ್ರೆ ಎಣ್ಣೆ ಕುಡೀತದೆ. ನಮ್ ಕಾಲ್ದಾಗೆ ಸಾರಿನ ಮಡಕೆ ನಾತ ಬಂದ್ರೆ ಏನ್ ಮಾಡ್ತಿದ್ವು? ಬರೀ ಬೆಂಕಿಗೆ ಮಡಗ್ತಿದ್ವು. ನೀರು ಮುಟ್ಟಿಸ್ಬ್ಯಾಡ. ಕುಡ್ದಿದ್ದನ್ನ ಬೆಂಕಿನೇ ಕಕ್ಕಿಸ್ಬೇಕು."

ಮಗನಿಗೂ ಅವರೇ ಹೇಳಿದರು. "ಅವನನ್ನ ಕಳಿಸ್ತೀಯ, ಬರೋ ಹೊಸಬ ಏನ್ ಹುಟ್ತಲೇ ಕಲ್ತ್‌ಕೊಂಡು ಬತ್ತಾನಾ? ಇವ್ನು ಒಂದ್ಸಲ ಕೆಡಿಸವ್ನೆ. ಇನ್ನ ಕೆಡಿಸಾಕಿಲ್ಲ ಬುಡು."

ಒಲೆ ಸರಿಮಾಡಲು ಗೌಡರು ನನಗೆ ಇನ್ನೊಂದು ತಿಂಗಳು ಕೊಟ್ಟರು. ಮೊದಲು ಒಳ್ಳೆಯ ಇದ್ದಿಲು ತಾ ಎಂದು ಅರಸೀಕೆರೆಗೆ ಕಳಿಸಿದರು. ಅಲ್ಲಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿ ಮಾರುತ್ತಾರೆ. ನಾವು ಗೆರಟೆ ಎನ್ನುವುದನ್ನೇ ಇಲ್ಲಿ ಚಿಪ್ಪು ಎನ್ನುವುದು. ಅಂಗಡಿಯ ಹಿಂದೆ ಕೊಳೆತ ಕಾಯಿಗಳ ರಾಶಿ, ಅದರ ನೀರು ಹರಿದು ನಿಂತ ಗುಂಡಿ, ಗುಂಡಿಯ ತುಂಬ ನೊಣ. ಉಸಿರು ಬಿಗಿಹಿಡಿದು ನಿಂತೆ. ಅಂಗಡಿಯವರು ಒಂದು ಮೂಟೆಯಿಂದ ಎರಡು ಚೂರು ತೆಗೆದು ಒಂದಕ್ಕೊಂದು ತಾಗಿಸಿದರು. ಟಣ್ಣೆಂದಿತು. ಇನ್ನೊಂದು ಮೂಟೆಯ ಚೂರು ತಾಗಿಸಿದರು, ಬೊದ್ದೆಂದಿತು, ಬೆರಳಿಗೆ ಕಂದು ಜಿಗುಟು ಅಂಟಿತು.

"ಬೊದ್ದ್ ಅನ್ನೋದು ಅರ್ಧ ಬೆಂದಿರೋದು. ಅದು ಹತ್ತಾಕಿಲ್ಲ, ಬರೀ ಕೆಟ್ಟ ಹೊಗೆ. ಟಣ್ ಅನ್ನೋದ್ನೇ ತಗಳಿ" ಎಂದರು. ಬೀಗರೂಟದ ದಿನ ನಾನು ಊದಿ ಊದಿ ಸೋತದ್ದು ಯಾವುದನ್ನೆಂದು ಆಗ ತಿಳಿಯಿತು.

ಆಮೇಲೆ ದಿನಾ ಖಾಲಿ ಒಲೆ ಉರಿಸಿದೆ. ಒಂದು ಹಿಡಿ ತೆಂಗಿನ ನಾರನ್ನು ಉಂಡೆ ಮಾಡಿ ಅದರ ಮೇಲೆ ನಾಲ್ಕು ಚೂರು ಇದ್ದಿಲು ಪೇರಿಸಿ ಹತ್ತಿಸುವುದು, ಬೆಂಕಿ ತಾನಾಗಿ ಹರಡಲು ಬಿಡುವುದು, ಎರಡೂ ಕಿಂಡಿ ಪೂರ್ತಿ ತೆರೆಯುವುದು. ಮೊದಲ ಮೂರು ದಿನ ಗೋಡೆಯಿಂದ ಹಳದಿ ಹೊಗೆ ಬಂತು. ಸುಟ್ಟ ಸೋಪು, ಸುಟ್ಟ ಡೀಸೆಲ್, ನನಗಿಂತ ಮುಂಚಿನ ಯಾರದೋ ಹಳಸಿದ ಕೊಬ್ಬು. ಪಕ್ಕದ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದ ಹೆಂಗಸರು ಸೆರಗು ಮುಚ್ಚಿಕೊಂಡು, "ಏನ್ ಸುಡ್ತಾ ಅವ್ನೆ ಆ ಮೀನಿನೋನು?" ಎಂದು ಬೈದರು. ನಾಲ್ಕನೆಯ ದಿನ ಅವಸರದಲ್ಲಿ ಮುಚ್ಚಳವನ್ನು ಒಮ್ಮೆಲೇ ಎತ್ತಿದೆ. ಒಳಗೆ ಉಸಿರುಕಟ್ಟಿ ಕೂತಿದ್ದ ಬೆಂಕಿ ಗಾಳಿ ಸಿಕ್ಕಿದ್ದೇ ಮುಖಕ್ಕೆ ಹಾರಿತು. ಎರಡೂ ಹುಬ್ಬು ಹೋದವು. ಸ್ವಂತ ಕೂದಲು ಸುಟ್ಟ ವಾಸನೆಯಷ್ಟು ಅಸಹ್ಯದ್ದು ಬೇರೆ ಇಲ್ಲ. ಎರಡು ದಿನ ಅನ್ನದಲ್ಲೂ ಅದೇ ಬಂತು. ಸುಜಾತಾ ಮುಲಾಮು ಹಚ್ಚುತ್ತ, "ಸ್ವಲ್ಪ ಎತ್ತಿ ಹಿಡ್ದು, ಗಾಳಿ ಹೋಗಕ್ಕೆ ಬಿಟ್ಟು, ಮತ್ತೆ ಎತ್ತಿ. ಕುಕ್ಕರ್ ತೆಗಿಯೋ ಹಾಗೆ" ಎಂದಳು. ಅಷ್ಟು ಸರಳ ವಿಷಯ ನನಗೆ ಹೊಳೆದಿರಲಿಲ್ಲ.

ಕಿಂಡಿಗಳ ವಿಷಯ ಕಲಿಯಲು ಇನ್ನೆರಡು ವಾರ ಬೇಕಾಯಿತು. ನಮ್ಮ ಕಾವಲಿಯ ಕೆಳಗಿನ ಬೆಂಕಿ ಜಾಸ್ತಿಯಾದರೆ ಕೊಳ್ಳಿ ಎಳೆದರಾಯಿತು. ಈ ಮಣ್ಣು ಹಾಗಲ್ಲ, ಒಮ್ಮೆ ಕಾದರೆ ಮಧ್ಯಾಹ್ನ ಕಳೆದರೂ ಇಳಿಯುವುದಿಲ್ಲ. ಮುಳ್ಳು ಬೇಕಾದ ಜಾಗಕ್ಕೆ ಬರುವ ಮುಂಚೆಯೇ ಕಿಂಡಿಗಳನ್ನು ಬೆರಳಿನಗಲಕ್ಕೆ ತಂದುಬಿಡಬೇಕು. ಮೊದಮೊದಲು ಬದನೆಕಾಯಿ, ಗೆಣಸು ಇಟ್ಟು ಕಲಿತೆ. ಕೆಲವು ಕರಿಕಲಾದವು, ಕೆಲವು ಹಸಿಯೇ ಉಳಿದವು. ಒಂದು ದಿನ ಲಕ್ಕಮ್ಮ ಸುಟ್ಟ ಬದನೆಯನ್ನು ಕಿವುಚಿ ಮೂಸಿ, "ಈಗ ನಾತ ಇಲ್ಲ" ಎಂದಷ್ಟೇ ಹೇಳಿ ಊಟಕ್ಕೆ ಕೂತರು.

ಪವಿತ್ರಳನ್ನು ನೋಡುವ ನೆಪದಲ್ಲಿ ಗೌಡರು ಬೀಗರನ್ನು ಮತ್ತೆ ಕರೆದರು. ಈ ಸಲ ಹೆಚ್ಚು ಜನ ಬೇಡವೆಂದು ಮನೆಮಂದಿ ಮಾತ್ರ. ಮಾಂಸ ಮಾಡಲು ಅವರಿಗೇ ಧೈರ್ಯ ಬರಲಿಲ್ಲ. "ಕೆರೆ ಮೀನು ಮಾಡು. ಅದು ನಿನ್ ಇಲಾಖೆ" ಎಂದರು.

ಕೆರೆ ಮೀನು! ಊರಿನವರು ಇದನ್ನು ಓದಿ ನಗುತ್ತೀರೆಂದು ಗೊತ್ತು. ಉಪ್ಪುನೀರು ಕಾಣದ ಮೀನನ್ನು ನಾವು ಮೀನೆಂದೇ ಎಣಿಸಿದವರಲ್ಲ. ಹಳೇಬೀಡಿನ ಕೆರೆಯ ಐದು ಕೆಜಿಯ ಕಾಟ್ಲಾ ತಂದು ನನ್ನ ಮುಂದೆ ಹಾಕಿದರು. ಮೈತುಂಬ ಲೋಳೆ, ನಾಣ್ಯದಗಲದ ಹುರುಪೆ, ಹೊಟ್ಟೆ ಸೀಳಿದರೆ ಕೊಳೆತ ಕೆಸರಿನ ನಾತ. ಒಳಗೆ ಕಪ್ಪು ಪೊರೆ ಅಂಟಿತ್ತು. ಬಂಗಡೆಯ ಹೊಟ್ಟೆಯಲ್ಲಿ ಸಮುದ್ರದ ವಾಸನೆ ಇರುತ್ತದೆ, ಅದು ನನಗೆ ಮನೆಯ ವಾಸನೆ. ಇದು ಎಮ್ಮೆ ಇಳಿದ ನೀರಿನ ವಾಸನೆ. ಎರಡು ಸಲ ಎದ್ದುಹೋಗಿ ಗಾಳಿ ಕುಡಿದು ಬಂದೆ. ಆ ಕಪ್ಪು ಪೊರೆಯನ್ನು ಎಳೆಎಳೆಯಾಗಿ ಕೆರೆದು ತೆಗೆದೆ, ಕಲ್ಲುಪ್ಪು ತಿಕ್ಕಿದೆ, ಹುಣಸೆ ರಸದಲ್ಲಿ ಒಂದು ತಾಸು ಬಿಟ್ಟೆ. ನಮ್ಮ ಕಡೆ ಹುಳಿಗೆ ಹಾಕುವ, ಊರಿಂದ ತಂದಿದ್ದ ಮುರುಗಲ ಸಿಪ್ಪೆಯೂ ಸ್ವಲ್ಪ ಉಳಿದಿತ್ತು, ಅದನ್ನೂ ಅರೆದು ಹಚ್ಚಿದೆ.

ಸಣ್ಣ ಬೆಂಕಿ, ಮೇಲೊಂದು ತುಂಡು ಪೇರಲೆ ಕಟ್ಟಿಗೆ. ಇಲ್ಲಿ ಸೀಬೆ ಎನ್ನುತ್ತಾರೆ. ಹಳದಿ ಹೊಗೆ ಹೋಗಿ ಕಣ್ಣಿಗೆ ಕಾಣದಷ್ಟು ತೆಳುವಾದ ನೀಲಿ ಹೊಗೆ ಬರುವವರೆಗೆ ಕಾದು ಮೀನು ಇಟ್ಟೆ. ಎರಡೂವರೆ ತಾಸು ಮುಚ್ಚಳ ಮುಟ್ಟಲಿಲ್ಲ. ತೆಗೆದ ಮೇಲೆ ಮೊದಲು ನಾನೇ ತಿಂದೆ. ಕಣ್ಣು ಮುಚ್ಚಿ, ಉಸಿರು ಹಿಡಿದು. ಆಮೇಲೆ ಉಸಿರು ಬಿಟ್ಟು ಇನ್ನೊಂದು ಚೂರು ತಿಂದೆ.

ದೊಡ್ಡ ಬೀಗರು ಎಲೆಗೆ ಬಿದ್ದ ತುಂಡನ್ನು ಎತ್ತಿ ಮೊದಲು ಮೂಸಿದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ಬಡಿಸುತ್ತಿದ್ದ ಪವಿತ್ರ ತಟ್ಟೆ ಹಿಡಿದು ಅಲ್ಲೇ ನಿಂತಳು. ಅವರು ತಿಂದರು. ಮುದ್ದೆ ಮುರಿದರು, ಮತ್ತೆ ತಿಂದರು. ಆಮೇಲೆ ತಲೆ ಎತ್ತದೆ ಸೊಸೆಯನ್ನು ಕೇಳಿದರು. "ಮೀನಿನ್ ತಲೆ ಯಾರ್ಗೆ ಮಡಗಿದ್ದೀಯವ್ವಾ?"

"ನಿಮ್ಗೇ ಮಾವ" ಎಂದು ಪವಿತ್ರ ಅಡುಗೆಮನೆಗೆ ಓಡಿಬಂದಳು. ತಲೆಯನ್ನು ತಟ್ಟೆಗೆ ಹಾಕುವಾಗ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಮತ್ತೆ ಯಾರೂ ಅವಳನ್ನು ಆ ಹೆಸರಿನಿಂದ ಕರೆಯಲಿಲ್ಲವಂತೆ. ಗೌಡರು ನನ್ನನ್ನು ಕೆಲಸದಿಂದ ಬಿಡಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಅದಾಗಿ ಎರಡು ತಿಂಗಳಿಗೆ ಸುಜಾತಾಳಿಗೆ ನಾಲ್ಕು ದಿನ ರಜೆ ಸಿಕ್ಕಿತು. ಊರಿಗೆ ಹೊರಟಾಗ ಗೌಡರು ತಾವೇ ಕೆರೆಗೆ ಹೋಗಿ ಮೀನು ತಂದರು. "ನಿಮ್ಮೋರಿಗೂ ತೋರ್ಸು, ನಮ್ ಕೆರೆ ಮೀನು ಏನು ಅಂತ." ಅದನ್ನು ಹೊಗೆಯಲ್ಲಿ ಗಟ್ಟಿಯಾಗಿ ಒಣಗಿಸಿ, ಬಾಳೆ ಎಲೆ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಒಯ್ದೆ.

ಅಕ್ಕ ಅಂಗಡಿಯ ಹಿಂದೆ ಎಲೆ ಬಿಡಿಸಿದಳು. ಮೂಗು ಹತ್ತಿರ ತಂದು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. "ಇದೆಂತ ತಮ್ಮಾ? ಗಟಾರದ ವಾಸನೆ ಬರ್ತದಲ್ಲ! ಇದನ್ನ ತಿಂತ್ಯಾ ನೀನು ಅಲ್ಲಿ?"

ನನಗೆ ಸಿಟ್ಟು ಬಂತು. ಯಾಕೆ ಬಂತೆಂದು ಈಗಲೂ ಸರಿಯಾಗಿ ಹೇಳಲಾರೆ. ಆ ಮೀನಿನ ಮುಂದೆ ಕೂತು ನಾನೇ ಅದಕ್ಕಿಂತ ಕೆಟ್ಟ ಮಾತು ಆಡಿದ್ದೆ. "ತಿಂದು ನೋಡಿ ಹೇಳು. ಮೂಸಿ ಹೇಳಬೇಡ" ಎಂದು ಕೂಗಿದೆ. ಊಟಕ್ಕೆ ಕೂತಿದ್ದ ಗಿರಾಕಿಗಳು ತಿರುಗಿ ನೋಡಿದರು. ಅಕ್ಕನ ಮುಖ ಸಣ್ಣದಾಯಿತು. ಅವಳು ತಿನ್ನಲಿಲ್ಲ. ಆ ಮೀನನ್ನು ನಾನೂ ಸುಜಾತಾಳೂ ಹಿತ್ತಲ ಕಟ್ಟೆಯ ಮೇಲೆ ಕೂತು ಮುಗಿಸಿದೆವು. ಆಮೇಲೆ ಅಕ್ಕ ಸಮಾಧಾನಕ್ಕೆಂದು ಬಂದು ಪಕ್ಕದಲ್ಲಿ ಕೂತಳು.

"ಹೋಗಲಿ, ನಿನ್ನ ಕೈಯ ಬಂಗಡೆ ಆದ್ರೂ ಅವ್ರು ಇಷ್ಟಪಟ್ಟು ತಿಂತಾರಾ?"

"ತಿಂತಾರೆ. ಬೆರಳು ಚೀಪ್ತಾರೆ" ಎಂದೆ. ಅಲ್ಲಿ ಒಬ್ಬರಿಗೂ ನಾನು ಬಂಗಡೆ ಬಡಿಸಿರಲಿಲ್ಲ. ಒಮ್ಮೆ ಹುರಿದದ್ದಕ್ಕೆ ಮನೆಯಿಂದ ಹೊರಗೆ ಬಿದ್ದಿದ್ದೆ.

ಐದನೆಯ ದಿನ ಬೆಳಿಗ್ಗೆ ಅರಸೀಕೆರೆಯಲ್ಲಿ ಇಳಿದೆವು. ತೋಟ ತಲುಪುವಾಗ ಗೌಡರು ಗೇಟಿನಲ್ಲೇ ಕಾಯುತ್ತಿದ್ದರು. ಕೈಯಲ್ಲಿದ್ದ ಚೀಲವನ್ನು ಇಳಿಸಲೂ ಬಿಡಲಿಲ್ಲ.

"ಏನಂದ್ರಪ್ಪಾ ನಿಮ್ಮೋರು? ತಿಂದ್ರಾ?"

ಸುಜಾತಾ ನನ್ನ ಮುಖ ನೋಡಿದಳು.

"ತಿಂದ್ರು ಗೌಡ್ರೇ. ಇನ್ನೊಂದು ತರಬೇಕಿತ್ತು ಅಂದ್ರು."

ಗೌಡರ ಮುಖ ಅರಳಿತು. "ಅವ್ವಾ, ಕೇಳ್ಸ್ತಾ? ಸಮುದ್ರದೋರೇ ಒಪ್ಪವ್ರೆ" ಎಂದು ಕೂಗುತ್ತ ಒಳಗೆ ಹೋದರು. ಮುದುಕಿ ಏನೋ ಹೇಳಿ ನಕ್ಕದ್ದು ಕೇಳಿಸಿತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಸುಜಾತಾ ನನ್ನ ಕೈಯಿಂದ ಚೀಲ ತೆಗೆದುಕೊಂಡು ಮನೆಯ ಬೀಗ ತೆಗೆದಳು.